ನಾಳೆಯ ತಂತ್ರಜ್ಞಾನ, ಇಂದಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

‘ಮುಂದೆ ಏನಾಗುತ್ತದೆ?’ ಎಂದು ಕೇಳಿದ ಪತ್ರಗಳೇ ಈ ಸಲ ಹೆಚ್ಚು. ಜ್ಯೋತಿಷ್ಯ ನಮ್ಮಿಂದಾಗದು. ಕೈಯಲ್ಲಿರುವ ಅಂಕಿಗಳನ್ನು ಕೂಡಿ ಕಳೆದು ನೋಡಬಹುದು, ಅಷ್ಟೆ.

ಪ್ರಶ್ನೆ: ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರುವ ಯಂತ್ರಗಳು ಬಂದಿವೆಯಂತೆ. ಹಾಗಿದ್ದ ಮೇಲೆ ಹೊಗೆ ಬಿಡುವುದನ್ನು ಕಡಿಮೆ ಮಾಡುವ ತಾಪತ್ರಯ ಏಕೆ?

ಉತ್ತರ: ಲೆಕ್ಕ ಕೂಡಿಬರುವುದಿಲ್ಲ, ಅದಕ್ಕೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದವು 420ಕ್ಕಿಂತ ತುಸು ಹೆಚ್ಚು. ಒಂದು ಘನ ಮೀಟರ್ ಗಾಳಿಯನ್ನು ಹಿಂಡಿದರೆ ಸಿಗುವುದು ಬರೀ ಮುಕ್ಕಾಲು ಗ್ರಾಂ. ಒಂದಣುವೂ ತಪ್ಪಿಸಿಕೊಳ್ಳಲಿಲ್ಲ ಎಂದುಕೊಂಡರೂ, ಒಂದು ಟನ್ ಹಿಡಿಯಲು ಸುಮಾರು 13 ಲಕ್ಷ ಘನ ಮೀಟರ್ ಗಾಳಿ ಯಂತ್ರದೊಳಗೆ ಹಾಯಬೇಕು. ಉದ್ದ, ಅಗಲ, ಎತ್ತರ ಮೂರೂ 109 ಮೀಟರ್ ಇರುವ ಪೆಟ್ಟಿಗೆಯಷ್ಟು ಗಾಳಿ ಅದು.

ಯಂತ್ರದ ಕೆಲಸ ಸರಳವೇ. ಫ್ಯಾನು ಗಾಳಿಯನ್ನು ಎಳೆದು ಅಮೈನ್ ಎಂಬ ರಾಸಾಯನಿಕ ಲೇಪಿಸಿದ ಸೋಸುಕದ ಮೂಲಕ ಬಿಡುತ್ತದೆ, ಅನಿಲ ಅಲ್ಲಿ ಅಂಟಿಕೊಳ್ಳುತ್ತದೆ. ಸೋಸುಕ ತುಂಬಿದ ಮೇಲೆ ಬಾಗಿಲು ಮುಚ್ಚಿ 100 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಅಂಟಿದ್ದು ಬಿಟ್ಟುಬರುತ್ತದೆ. ಶಕ್ತಿಯ ಬಹುಪಾಲು ಖರ್ಚಾಗುವುದು ಈ ಕಾಯಿಸುವುದರಲ್ಲೇ. ಜೊತೆಗೆ ಅಂಟಿಕೊಂಡ ತೇವವೂ ಬಿಸಿಯಲ್ಲಿ ಪಾಲು ಕೇಳುತ್ತದೆ. ಗಾಳಿಯ ಆಮ್ಲಜನಕ ಅಮೈನನ್ನು ನಿಧಾನವಾಗಿ ಕೆಡಿಸುವುದರಿಂದ ಸೋಸುಕವನ್ನು ಆಗಾಗ ಬದಲಿಸಲೂ ಬೇಕು.

2024ರಲ್ಲಿ ಐಸ್‌ಲ್ಯಾಂಡಿನಲ್ಲಿ ಶುರುವಾದ ‘ಮ್ಯಾಮತ್’ ಸ್ಥಾವರದ ವಿನ್ಯಾಸ ಸಾಮರ್ಥ್ಯ ವರ್ಷಕ್ಕೆ 36,000 ಟನ್. ಜಗತ್ತು ಇಂಧನ ಸುಟ್ಟು ವರ್ಷಕ್ಕೆ ಬಿಡುತ್ತಿರುವುದು ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿ: ಅಂಥ ಹತ್ತು ಲಕ್ಷ ಸ್ಥಾವರಗಳು ಬೇಕು. ಕಲ್ಲಿದ್ದಲ ಸ್ಥಾವರದ ಚಿಮಣಿಯಲ್ಲಾದರೋ ಇದೇ ಅನಿಲ ನೂರಕ್ಕೆ 12ರಿಂದ 15 ಪಾಲು, ಅಂದರೆ ಗಾಳಿಯಲ್ಲಿರುವುದಕ್ಕಿಂತ 300 ಪಟ್ಟು ದಟ್ಟವಾಗಿ, ಒಂದೇ ಕಡೆ ಸಿಗುತ್ತದೆ. ಹಿಡಿಯುವುದಿದ್ದರೆ ಅಲ್ಲಿ ಹಿಡಿಯಬೇಕು, ಸುಡದಿದ್ದರೆ ಇನ್ನೂ ಮೇಲು. ವಿಮಾನಯಾನದಂಥ ಬೇರೆ ದಾರಿ ಕಡಿಮೆಯಿರುವ ಕಡೆಯ ಬಾಕಿ ತೀರಿಸಲು ಗಾಳಿ ಹೀರುವ ಯಂತ್ರ ಉಪಯೋಗಕ್ಕೆ ಬಂದೀತು.

ಪ್ರಶ್ನೆ: ಸೌರಫಲಕದ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ಎಷ್ಟು ದೊಡ್ಡ ಬ್ಯಾಟರಿ ಬೇಕು? ಯಾವ ಬಗೆಯದು?

ಉತ್ತರ: ಬ್ಯಾಟರಿಯಿಂದ ಶುರು ಮಾಡಬೇಡಿ, ರಾತ್ರಿಯ ಖರ್ಚಿನಿಂದ ಶುರು ಮಾಡಿ. 50 ವಾಟಿನ ಎರಡು ಫ್ಯಾನು ಎಂಟು ಗಂಟೆ ತಿರುಗಿದರೆ 0.8 ಯೂನಿಟ್. 10 ವಾಟಿನ ನಾಲ್ಕು ದೀಪ ಐದು ಗಂಟೆಗೆ 0.2. ಫ್ರಿಜ್ಜು ರಾತ್ರಿಯಿಡೀ 0.5 ಎಂದಿಟ್ಟುಕೊಳ್ಳಿ. ಟೀವಿ, ರೌಟರ್ ಮುಂತಾದವು 0.5. ಒಟ್ಟು 2 ಯೂನಿಟ್.

ಇನ್ನು ನಷ್ಟಗಳು. ಇನ್ವರ್ಟರ್ ನೂರಕ್ಕೆ ಹತ್ತನ್ನು ತಾನೇ ನುಂಗುತ್ತದೆ, ಹಾಗಾಗಿ 2.2. ಬ್ಯಾಟರಿಯನ್ನು ತಳ ಕಾಣುವವರೆಗೆ ಖಾಲಿ ಮಾಡಬಾರದು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ 80 ಬಳಸಬಹುದು, ಹಾಗಾಗಿ 2.8. ವರ್ಷಗಳು ಕಳೆದಂತೆ ಸಾಮರ್ಥ್ಯವೂ ನೂರಕ್ಕೆ 80ಕ್ಕೆ ಇಳಿಯುತ್ತದೆ, ಹಾಗಾಗಿ 3.5 ಯೂನಿಟ್. ಇದೇ ಲೆಕ್ಕವನ್ನು ಸೀಸದ ಬ್ಯಾಟರಿಗೆ ಹಾಕಿದರೆ, ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ, 5.5 ಯೂನಿಟ್ಟಿಗೆ ಹೋಗುತ್ತದೆ. ಅಗ್ಗ ಎಂದು ಕೊಂಡದ್ದು ಇಲ್ಲಿ ದುಬಾರಿಯಾಗುತ್ತದೆ.

ಕೈಕೊಡುವ ಜಾಗಗಳನ್ನೂ ತಿಳಿದಿರಿ. ಈ ಫಾಸ್ಫೇಟ್ ಕೋಶದ ವೋಲ್ಟೇಜು 3.65ರಿಂದ ಬೇಗನೆ 3.3ರ ಆಸುಪಾಸಿಗೆ ಇಳಿದು, ಬಹುಪಾಲು ಹೊತ್ತು ಅಲ್ಲೇ ಚಪ್ಪಟೆಯಾಗಿ ನಿಂತು, ಕೊನೆಯಲ್ಲಿ ಧುಮುಕುತ್ತದೆ. ಅಂದರೆ ವೋಲ್ಟೇಜ್ ನೋಡಿ ‘ಇನ್ನೂ ಅರ್ಧ ಇದೆ’ ಎನ್ನಲಾಗದು. ಪರದೆಯ ಮೇಲಿನ ಶೇಕಡಾ ಅಂಕಿ ಒಳಹೊರಹೋದ ಕರೆಂಟನ್ನು ಎಣಿಸಿ ಹೇಳಿದ್ದು, ಸಣ್ಣ ತಪ್ಪುಗಳು ದಿನದಿನಕ್ಕೂ ಸೇರುತ್ತ ಹೋಗುತ್ತವೆ. ಆಗಾಗ ಪೂರ್ತಿ ಚಾರ್ಜ್ ಮಾಡಿದರೆ ಎಣಿಕೆ ಸರಿಹೋಗುತ್ತದೆ, ಕೋಶಗಳೂ ಸಮಕ್ಕೆ ಬರುತ್ತವೆ. ಇದನ್ನು ಮಾಡದೆ ‘40 ತೋರಿಸುತ್ತಿದ್ದಾಗಲೇ ಆರಿಹೋಯಿತು’ ಎಂದು ಬ್ಯಾಟರಿಯನ್ನು ಬೈಯುವವರೇ ಹೆಚ್ಚು.

ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಋಣತುದಿಯ ಗ್ರಾಫೈಟಿನೊಳಗೆ ಹೋಗುವ ಬದಲು ಅದರ ಮೇಲೆ ಲೋಹವಾಗಿ ಕೂರುತ್ತದೆ. ಆ ಹಾನಿ ವಾಪಸು ಬರುವಂಥದ್ದಲ್ಲ. ಫ್ರಿಜ್ಜಿನ ಮೋಟಾರು ಶುರುವಾಗುವ ಕ್ಷಣ ತನ್ನ ಎಂದಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ಆದ್ದರಿಂದ ಇನ್ವರ್ಟರಿನ ಕ್ಷಣಿಕ ಸಾಮರ್ಥ್ಯವನ್ನೂ ಕೇಳಿ. ಡಿ.ಸಿ. ಫ್ಯೂಸು ಬ್ಯಾಟರಿಯ ತುದಿಗೆ ಆದಷ್ಟು ಹತ್ತಿರ ಇರಲಿ. ಸಡಿಲವಾದ ಒಂದು ಬೋಲ್ಟು ಸಾಕು, ಕಾದು ಪ್ಲಾಸ್ಟಿಕ್ ಕರಗಲು.

ಸೋಡಿಯಂ ಬ್ಯಾಟರಿಗೆ ಕಾಯಬೇಕೆ ಎಂದೂ ಕೇಳಿದ್ದೀರಿ. ಅದಕ್ಕೆ ಲಿಥಿಯಂ ಬೇಡ, ಋಣತುದಿಗೆ ತಾಮ್ರದ ಹಾಳೆಯೂ ಬೇಡ, ಅಲ್ಯೂಮಿನಿಯಂ ಸಾಕು. ಚಳಿಯನ್ನೂ ಚೆನ್ನಾಗಿ ತಾಳುತ್ತದೆ. ತೂಕಕ್ಕೆ ಹೋಲಿಸಿದರೆ ಹಿಡಿಯುವುದು ಕಡಿಮೆ. ಗೋಡೆ ಪಕ್ಕ ಕೂರುವ ಬ್ಯಾಟರಿಗೆ ತೂಕದ ಚಿಂತೆ ಇಲ್ಲ, ಮುಂದೆ ಅದು ಗೆದ್ದರೆ ಆಶ್ಚರ್ಯವಿಲ್ಲ. ಆದರೆ ಬೇಕಿರುವುದು ಈ ವರ್ಷಕ್ಕಾದರೆ ಕಾಯಬೇಡಿ.

ಪ್ರಶ್ನೆ: ಸೂರ್ಯನಂತೆ ಪರಮಾಣುಗಳನ್ನು ಬೆಸೆದು ವಿದ್ಯುತ್ ಮಾಡಿದ್ದಾರಲ್ಲ, ಇನ್ನು ಇಂಧನದ ಚಿಂತೆ ಮುಗಿದಂತೆಯೇ?

ಉತ್ತರ: ವಿದ್ಯುತ್ ಮಾಡಿಲ್ಲ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 2022ರ ಡಿಸೆಂಬರ್ 5ರಂದು ಇಂಧನದ ಗುಳಿಗೆಯತ್ತ 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಯಿಸಿ 3.15 ಮೆಗಾಜೂಲ್ ಪಡೆಯಿತು. ಸಾಧನೆ ದೊಡ್ಡದೇ. ಆದರೆ ಲೇಸರುಗಳು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಬಂದ 3.15 ಕೂಡ ಒಂದು ಯೂನಿಟ್ಟಿಗೆ (3.6 ಮೆಗಾಜೂಲ್) ಕಡಿಮೆ. ಇನ್ನೊಂದು ತೊಡಕು ಇಂಧನದಲ್ಲಿರುವ ಟ್ರಿಟಿಯಂ, ಜಲಜನಕದ ಭಾರವಾದ ರೂಪ. ಅದು 12.3 ವರ್ಷಕ್ಕೆ ಅರ್ಧವಾಗುವ ವಸ್ತು, ಪ್ರಕೃತಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸ್ಥಾವರ ತನಗೆ ಬೇಕಾದ್ದನ್ನು ಸುತ್ತ ಹೊದಿಸಿದ ಲಿಥಿಯಂನಿಂದ ತಾನೇ ತಯಾರಿಸಿಕೊಳ್ಳಬೇಕು. ಆ ಹೊದಿಕೆ ಇನ್ನೂ ಪೂರ್ಣ ಪ್ರಮಾಣದಲ್ಲಿ ಪರೀಕ್ಷೆಯಾಗಿಲ್ಲ.

ಪ್ರಶ್ನೆ: ಜೀನ್ ತಿದ್ದುಪಡಿಯಿಂದ ಆನುವಂಶಿಕ ರೋಗಗಳೆಲ್ಲ ಮಾಯವಾಗುವವೇ?

ಉತ್ತರ: ‘ಎಲ್ಲ’ ಎಂಬುದನ್ನು ಬಿಟ್ಟರೆ ಉತ್ತರ ಸುಲಭ. ಜೀನನ್ನು ಕತ್ತರಿಸುವ ‘ಕತ್ತರಿ’ಯಾದ ಕ್ರಿಸ್ಪರ್ ಆಧಾರಿತ ಮೊದಲ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು, ಸಿಕಲ್ ಸೆಲ್ ರಕ್ತಹೀನತೆ ಮತ್ತು ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ರೋಗಗಳಿಗೆ. ತಮಾಷೆಯೆಂದರೆ ಅದು ಕೆಟ್ಟ ಜೀನನ್ನು ಮುಟ್ಟುವುದೇ ಇಲ್ಲ. ಭ್ರೂಣದಲ್ಲಿದ್ದಾಗ ನಮ್ಮ ರಕ್ತದಲ್ಲಿ ಬೇರೊಂದು ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಅದನ್ನು ಅದುಮಿಡುತ್ತದೆ. ರಕ್ತಕಣಗಳಲ್ಲಿ ಆ ಜೀನಿಗೆ ಚಾಲನೆ ಕೊಡುವ ಭಾಗವನ್ನು ಕತ್ತರಿಸಿದರೆ ಹಳೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ.

ಕ್ರಮ ಹೀಗೆ: ಔಷಧ ಕೊಟ್ಟು ಮೂಳೆಮಜ್ಜೆಯ ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸಿ ಸಂಗ್ರಹಿಸುತ್ತಾರೆ, ಒಂದು ಸಲಕ್ಕೆ ಸಾಲದೆ ಮತ್ತೆ ಮತ್ತೆ ಬರಬೇಕಾಗಬಹುದು. ವಿದ್ಯುತ್ ಮಿಡಿತದಿಂದ ಕೋಶದ ಪೊರೆಯಲ್ಲಿ ಕ್ಷಣಕಾಲ ರಂಧ್ರ ತೆರೆದು ಕತ್ತರಿಯನ್ನು ಒಳಗೆ ಕಳಿಸುತ್ತಾರೆ. ತಿದ್ದಿದ ಕೋಶಗಳನ್ನು ಪರೀಕ್ಷಿಸುತ್ತಾರೆ. ಬಳಿಕ ಬುಸಲ್ಫಾನ್ ಎಂಬ ಔಷಧ ಕೊಟ್ಟು ಉಳಿದ ಹಳೆಯ ಮಜ್ಜೆಯನ್ನು ತೆರವು ಮಾಡಿ ಹೊಸ ಕೋಶಗಳನ್ನು ರಕ್ತನಾಳಕ್ಕೆ ಬಿಡುತ್ತಾರೆ. ರೋಗಿಗೆ ಕಷ್ಟದ ಹಂತ ಈ ತೆರವು: ಸೋಂಕಿನ ಅಪಾಯ, ವಾರಗಟ್ಟಲೆ ಆಸ್ಪತ್ರೆವಾಸ, ಸಂತಾನಶಕ್ತಿಗೆ ಕುಂದು. ಸುದ್ದಿಯಲ್ಲಿ ಕತ್ತರಿಯದೇ ಮಾತು, ಈ ಔಷಧದ ಹೆಸರು ಎಲ್ಲೋ ಅಪರೂಪಕ್ಕೆ.

ರಕ್ತವನ್ನು ಹೊರಗೆ ತೆಗೆದು ತಿದ್ದಿ ಹಾಕಬಹುದು. ಮಿದುಳು, ಸ್ನಾಯುಗಳನ್ನು ಹಾಗೆ ಮಾಡಲಾಗದು. ಕೊಬ್ಬಿನ ನ್ಯಾನೊಕಣಗಳಲ್ಲಿ ತುಂಬಿ ಬಿಟ್ಟರೆ ಕತ್ತರಿ ಬಹುಪಾಲು ಯಕೃತ್ತಿಗೇ ಹೋಗಿ ಸೇರುತ್ತದೆ, ಆದ್ದರಿಂದ ಮುಂದಿನ ಸರದಿ ಯಕೃತ್ತಿನ ರೋಗಗಳದ್ದು. ಸಾಮಾನ್ಯವಾಗಿ ಕಾಣುವ ಮಧುಮೇಹ, ರಕ್ತದೊತ್ತಡಗಳ ಹಿಂದೆ ನೂರಾರು ಜೀನುಗಳ ಚೂರುಪಾರು ಪ್ರಭಾವ ಇದೆ, ಯಾವುದನ್ನು ಕತ್ತರಿಸುತ್ತೀರಿ?

ಪ್ರಶ್ನೆ: ಮಕ್ಕಳ ಫೋಟೊಗಳೆಲ್ಲ ಫೋನಿನಲ್ಲಿವೆ. 50 ವರ್ಷದ ಮೇಲೂ ಉಳಿಯುವಂತೆ ಇಡುವುದು ಹೇಗೆ?

ಉತ್ತರ: ಅಷ್ಟು ವರ್ಷ ಬಾಳುತ್ತದೆಂದು ನಂಬಿ ಕೂರಬಹುದಾದ ಸಾಧನ ಮನೆಬಳಕೆಯಲ್ಲಿಲ್ಲ. ಪೆನ್‌ಡ್ರೈವು, ಎಸ್‌ಎಸ್‌ಡಿಗಳಲ್ಲಿ ಮಾಹಿತಿ ಇರುವುದು ಕೂಡಿಟ್ಟ ವಿದ್ಯುದಂಶವಾಗಿ. ಬಳಸದೆ ಇಟ್ಟರೆ ಅದು ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ಭಾಗಗಳಿವೆ. ಆದ್ದರಿಂದ ನಕಲು ಮಾಡುತ್ತ ಹೋಗುವುದೊಂದೇ ದಾರಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಐದು ವರ್ಷಕ್ಕೊಮ್ಮೆ ಹೊಸ ಸಾಧನಕ್ಕೆ ವರ್ಗಾವಣೆ.

ಕ್ಲೌಡಿನಲ್ಲಿದೆ ಎಂದು ನಿಶ್ಚಿಂತರಾಗಬೇಡಿ. ಬಹಳ ಸೇವೆಗಳು ಮಾಡುವುದು ಹೊಂದಾಣಿಕೆ (ಸಿಂಕ್); ಫೋನಿನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ನಕಲು ಮಾಡಿದ ಮೇಲೆ ಎರಡೂ ಕಡೆಯ ಫೈಲುಗಳ ಎಸ್‌ಎಚ್‌ಎ-256 ಮೊತ್ತ ತೆಗೆದು ಹೋಲಿಸಿ. ಅದು ಫೈಲಿನ ಬೆರಳಚ್ಚಿನಂಥ 64 ಅಕ್ಷರಗಳ ಸಾಲು. ಫೋಟೊದಲ್ಲಿ ಒಂದೇ ಬಿಟ್ ಬದಲಾಗಿದ್ದರೂ ಇಡೀ ಸಾಲು ಬೇರೆಯಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ಹತ್ತು ಫೋಟೊಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಗೂಢಲಿಪಿ ಹಾಕಿ ಬೀಗ ಜಡಿದಿದ್ದರೆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರುವ ಕಡೆ ಇಡಿ. ಆ ಚೀಟಿಯನ್ನು ಮಾತ್ರ ಡಿಸ್ಕಿನ ಜೊತೆಗೆ ಇಡಬೇಡಿ.