ಅಪ್ಪ ಆರಾಮಾಗಿದ್ದಾರೆ, ವರದಿ ಮಾತ್ರ ಬೇರೆ ಹೇಳುತ್ತಿದೆ

ಪ್ರಶ್ನೆ: ತಂದೆಗೆ 58 ವರ್ಷ. ಮೂರು ತಿಂಗಳ ಹಿಂದೆ ಯಕೃತ್ತಿನ ಕಸಿಯಾಯಿತು. ನನ್ನ ತಂಗಿಯೇ ದಾನಿ. ಅವಳ ಯಕೃತ್ತಿನ ಬಲಭಾಗದಲ್ಲಿ ಎರಡು ಪಿತ್ತನಾಳಗಳಿದ್ದು, ಎರಡನ್ನೂ ಪ್ರತ್ಯೇಕವಾಗಿ ಜೋಡಿಸಿದ್ದಾರೆ. ತಂದೆ ಚೆನ್ನಾಗಿ ಉಂಡು ಓಡಾಡಿಕೊಂಡಿದ್ದಾರೆ. ಆದರೆ ಕಳೆದ ಎರಡು ವರದಿಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದೆ. ಸ್ಕ್ಯಾನಿಂಗ್ ಸರಿಯಿದೆ. ಪಿತ್ತನಾಳಕ್ಕೆ ತೊಂದರೆ ಬರುತ್ತದೆಯೇ ಎಂದು ಮೊದಲೇ ತಿಳಿಸುವ ಪರೀಕ್ಷೆ ಇದೆಯೇ?
– ಶಿವಮೊಗ್ಗದ ಓದುಗರು

ಉತ್ತರ: ಅಂಥ ಒಂದೇ ಪರೀಕ್ಷೆ ಇಲ್ಲ. ಆದರೆ ಸುಳಿವುಗಳು ನಿಮ್ಮ ಪತ್ರದಲ್ಲೇ ಇವೆ.

ಮೊದಲನೆಯದು ಎರಡು ನಾಳಗಳು. ಜೀವಂತ ದಾನಿಯ ನಾಳದ ಬಾಯಿ ಕೆಲವೇ ಮಿಲಿಮೀಟರ್ ಅಗಲವಿರುತ್ತದೆ. ಹೊಲಿಗೆ ಹೆಚ್ಚಿದಷ್ಟೂ ಸೋರುವ, ಮಾಯುವಾಗ ಬಿಗಿದುಕೊಳ್ಳುವ ಜಾಗಗಳೂ ಹೆಚ್ಚು. ಮೆದುಳು ನಿಷ್ಕ್ರಿಯಗೊಂಡ ದಾನಿಯಿಂದ ಇಡೀ ಯಕೃತ್ತು ಪಡೆದವರಿಗಿಂತ ನಿಮ್ಮ ತಂದೆಯಂಥವರಲ್ಲಿ ಈ ತೊಂದರೆ ಹೆಚ್ಚು ಕಾಣುವುದು ಇದಕ್ಕೇ. ಮೊದಲ ವಾರಗಳಲ್ಲಿ ಪಿತ್ತ ಸೋರಿತ್ತೇ ಎಂದು ವೈದ್ಯರನ್ನು ಕೇಳಿ. ಸೋರಿದ ಜಾಗ ಮುಂದೆ ಕಿರಿದಾಗುವ ಸಾಧ್ಯತೆ ಜಾಸ್ತಿ.

ಇದಕ್ಕಿಂತ ಮುಖ್ಯವಾದದ್ದು ಅಪಧಮನಿ. ಯಕೃತ್ತಿನ ಜೀವಕೋಶಗಳು ಬಾವಿಯೂ ನಲ್ಲಿಯೂ ಇರುವ ಮನೆಯಂತೆ. ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳ, ಅಪಧಮನಿ ಎರಡರಿಂದಲೂ ರಕ್ತ ಬರುತ್ತದೆ. ಕಸಿಯಾದ ಪಿತ್ತನಾಳಕ್ಕೆ ಅಪಧಮನಿಯೆಂಬ ನಲ್ಲಿಯೊಂದೇ ಗತಿ. ಅಪಧಮನಿ ಕಟ್ಟಿಕೊಂಡರೆ ನಾಳದ ಗೋಡೆ ಸಾಯುತ್ತದೆ, ಹೊಲಿಗೆಯಿಂದ ದೂರದಲ್ಲೂ ಅಲ್ಲಲ್ಲಿ ಕಿರಿದಾಗುತ್ತದೆ. ಡಾಪ್ಲರ್ ಅಲ್ಟ್ರಾಸೌಂಡ್ ಮಾಡುವುದು ಈ ರಕ್ತದ ಹರಿವನ್ನು ನೋಡಲು.

ದಾನಿಯ ಹೃದಯ ನಿಂತ ಬಳಿಕ ಪಡೆಯುವ ಯಕೃತ್ತಿನಲ್ಲಿ ಇಂಥ ಕಿರಿದಾಗುವಿಕೆಯ ಭಯ ಇನ್ನೂ ಹೆಚ್ಚು. ಕಸಿಗೆ ಮುನ್ನ ಅದಕ್ಕೆ ಯಂತ್ರದ ಮೂಲಕ ಆಮ್ಲಜನಕಯುಕ್ತ ತಣ್ಣನೆಯ ದ್ರವ ಹರಿಸಿದಾಗ, ಆರು ತಿಂಗಳೊಳಗೆ ಇದು ಕಾಣಿಸಿಕೊಂಡ ಪ್ರಮಾಣ ಶೇ 18ರಿಂದ ಶೇ 6ಕ್ಕೆ ಇಳಿಯಿತೆಂದು ನೆದರ್ಲೆಂಡ್ಸ್ ತಂಡದ ನೇತೃತ್ವದ ಪ್ರಯೋಗವೊಂದು 2021ರಲ್ಲಿ ತೋರಿಸಿತು. ನಿಮ್ಮ ತಂಗಿಯ ಯಕೃತ್ತು ಹಾಗೆ ಹೃದಯ ನಿಂತ ಮೇಲೆ ಪಡೆದದ್ದಲ್ಲ, ಗಂಟೆಗಟ್ಟಲೆ ತಂಪುಪೆಟ್ಟಿಗೆಯಲ್ಲಿ ಕಾದದ್ದೂ ಅಲ್ಲ. ಅಷ್ಟರಮಟ್ಟಿಗೆ ನೀವು ನಿಶ್ಚಿಂತರಾಗಿರಬಹುದು.

ಸ್ಕ್ಯಾನಿಂಗ್ ಸರಿಯಿದೆ ಎಂಬ ಸಮಾಧಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಸಿಯಾದ ಯಕೃತ್ತಿನಲ್ಲಿ ನಾಳ ಕಟ್ಟಿಕೊಂಡರೂ ಆ ಜಾಗದ ಹಿಂದೆ, ಯಕೃತ್ತಿನೊಳಗಿರುವ ನಾಳದ ಭಾಗ ಯಾವಾಗಲೂ ಹಿಗ್ಗುವುದಿಲ್ಲ, ಆಗ ಅಲ್ಟ್ರಾಸೌಂಡ್‌ಗೆ ಏನೂ ಕಾಣುವುದಿಲ್ಲ. ನರಗಳು ಕತ್ತರಿಸಿಹೋಗಿರುವುದರಿಂದ ನೋವೂ ಬಾರದಿರಬಹುದು. ತಂದೆ ಆರಾಮಾಗಿರುವುದಕ್ಕೂ ನಾಳ ಸರಿಯಿರುವುದಕ್ಕೂ ಸಂಬಂಧವಿಲ್ಲ! ಹಾಗಾಗಿ ಒಂದು ದಿನದ ಅಂಕಿಗಿಂತ ಅಂಕಿಗಳ ಓಟ ಮುಖ್ಯ. ಪಿತ್ತದ ಹರಿವು ತಡೆದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಜೊತೆಗೆ ಜಿಜಿಟಿ ಎಂಬ ಇನ್ನೊಂದು ಕಿಣ್ವವೂ ಏರುತ್ತಿದ್ದರೆ, ಕಾಮಾಲೆಯ ಹಳದಿ ಬಣ್ಣ ತರುವ ಬಿಲಿರುಬಿನ್ ಸಹಜವಾಗಿದ್ದರೂ, ಕಣ್ಣು ಹಳದಿಯಾಗುವ ತನಕ ಕಾಯಬೇಡಿ. ದೇಹ ಹೊಸ ಅಂಗವನ್ನು ತಿರಸ್ಕರಿಸುತ್ತಿದ್ದರೂ ಹೀಗೇ ಏರಬಹುದು, ಅದಕ್ಕೆ ಚಿಕಿತ್ಸೆ ಬೇರೆ. ಈ ವಾರವೇ ಕಸಿ ತಂಡವನ್ನು ಕಂಡು, ಡಾಪ್ಲರ್ ಮತ್ತು ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಚಿತ್ರ) ಬೇಕೇ ಎಂದು ಕೇಳಿ. ಚಳಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಾಳ ಕಿರಿದಾಗಿದ್ದರೆ ಬಹುಪಾಲು ಸಂದರ್ಭಗಳಲ್ಲಿ ಎಂಡೋಸ್ಕೋಪಿ ಮೂಲಕವೇ ಹಿಗ್ಗಿಸಿ, ಅದನ್ನು ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಇಡುತ್ತಾರೆ. ಪ್ಲಾಸ್ಟಿಕ್ ಸ್ಟೆಂಟ್ ಆದರೆ ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ವರ್ಷದ ಕೆಲಸ ಎಂದುಕೊಳ್ಳಿ. ಕಾಮಾಲೆ ಎಂದು ಯಾರಾದರೂ ನೆಲನೆಲ್ಲಿ ಕಷಾಯ ತಂದುಕೊಟ್ಟರೆ ಬೇಡವೆನ್ನಿ. ಅದು ಕಿರಿದಾದ ನಾಳವನ್ನು ಬಿಡಿಸಲಾರದು.

ತಂಗಿಯ ಬಗ್ಗೆ ನೀವು ಏನೂ ಬರೆದಿಲ್ಲ. ಪಿತ್ತ ಸೋರುವುದು, ನಾಳ ಕಿರಿದಾಗುವುದು ದಾನಿಗಳಲ್ಲೂ ಉಂಟು. ಅವರ ತಪಾಸಣೆ ತಪ್ಪಿದ್ದರೆ ತಂದೆಯ ಜೊತೆಗೇ ಅವರನ್ನೂ ಕರೆದೊಯ್ಯಿರಿ.