ತಂಬ್ ಬರದಿದ್ದರೆ ರೇಷನ್ ಇಲ್ಲವೇ?

ಪ್ರಶ್ನೆ: ಅಜ್ಜಿಗೆ 74 ವರ್ಷ, ಅಂತ್ಯೋದಯ ಕಾರ್ಡಿನಲ್ಲಿ ಅವರೊಬ್ಬರೇ. ಕೂಲಿ ಮಾಡಿ ಬೆರಳ ಗೆರೆ ಸವೆದಿದೆ. ‘ತಂಬ್ ಬರ್ತಿಲ್ಲ’ ಎಂದು ನ್ಯಾಯಬೆಲೆ ಅಂಗಡಿಯವರು ಎರಡು ತಿಂಗಳಿಂದ ಅಕ್ಕಿ ಕೊಟ್ಟಿಲ್ಲ.
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಆ ಕಾರಣಕ್ಕೆ ಅಕ್ಕಿ ತಡೆಯುವಂತಿಲ್ಲ. ಯಂತ್ರ ಕೈಕೊಟ್ಟರೆ ಕಾರ್ಡ್ ನೋಡಿ ಕೊಡಿ, ಬೇರೆ ರಿಜಿಸ್ಟರ್‌ನಲ್ಲಿ ಬರೆದಿಡಿ ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಸೂಚಿಸಿದೆ. ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ. ಧಾನ್ಯ 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು, ಅಂಗಡಿಯವರ ಉಪಕಾರವಲ್ಲ.

ಮೊದಲು ಯಂತ್ರದ ಪರದೆ ಮೇಲೆ ಯಾವ ನಂಬರ್ ಬಂತು ಎಂದು ಕೇಳಿ. ‘ಬರ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. 300 ಬಂದರೆ ಅಚ್ಚು ತಾಳೆಯಾಗಿಲ್ಲ ಎಂದರ್ಥ: ಕೈ ತೊಳೆದು ಒರೆಸಿ, ಹೆಬ್ಬೆರಳೇ ಬೇಕೆಂದಿಲ್ಲ, ಉಳಿದ ಬೆರಳುಗಳನ್ನೂ ಒತ್ತಿ ನೋಡಿ. 811 ಎಂದರೆ ಆಧಾರ್ ದಾಖಲೆಯಲ್ಲಿ ಬಯೋಮೆಟ್ರಿಕ್ಕೇ ಇಲ್ಲ. 997 ಎಂದರೆ ಆಧಾರ್ ಚಾಲ್ತಿಯಲ್ಲಿಲ್ಲ. ಇವೆರಡಕ್ಕೆ ಎಷ್ಟು ಸಲ ಒತ್ತಿದರೂ ಫಲವಿಲ್ಲ, ಆಧಾರ್ ಕೇಂದ್ರಕ್ಕೇ ಹೋಗಬೇಕು. ಅಂಗಡಿಯಲ್ಲಿ ಕಣ್ಣಿನ ಸ್ಕ್ಯಾನರ್ ಅಥವಾ ಒಟಿಪಿ ವ್ಯವಸ್ಥೆ ಇದ್ದರೆ ಅದನ್ನೂ ಕೇಳಿ.

ಅಜ್ಜಿ ಅಂಗಡಿಗೆ ಬಂದೇ ಇಲ್ಲ ಎಂದುಬಿಟ್ಟರೆ? ಇಂಥ ದೂರುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಮೈಆಧಾರ್ ಜಾಲತಾಣದಲ್ಲಿ ಕಳೆದ ಆರು ತಿಂಗಳ ದೃಢೀಕರಣ ಇತಿಹಾಸ ಸಿಗುತ್ತದೆ. ವಿಫಲವಾದ ಪ್ರಯತ್ನಗಳೂ ದಿನಾಂಕ, ವೇಳೆ, ಕೋಡ್ ಸಮೇತ ಅಲ್ಲಿರುತ್ತವೆ. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು, ಅಷ್ಟೇ. ಅದರ ಪ್ರತಿ ಲಗತ್ತಿಸಿ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ. 1967ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಕೆಲಸ ಆಗದಿದ್ದರೆ ಕಾಯ್ದೆಯ 15ನೇ ಕಲಮಿನಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ, ಅಲ್ಲಿಂದ ಮುಂದೆ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು. ಜಿಲ್ಲಾ ಅಧಿಕಾರಿ ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರನಿಗೆ ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದು. ದೊಡ್ಡ ಮೊತ್ತವೇನಲ್ಲ, ಆದರೂ ಅರ್ಜಿಯಲ್ಲಿ 33ನೇ ಕಲಮನ್ನು ಹೆಸರಿಸಿ. ತಪ್ಪಿಹೋದ ತಿಂಗಳುಗಳಿಗೆ 8ನೇ ಕಲಮಿನ ಆಹಾರ ಭದ್ರತಾ ಭತ್ಯೆಯನ್ನೂ ಕೇಳಿ. ಕೇಳದಿದ್ದರೆ ತಾನಾಗಿ ಯಾರೂ ಕೊಡುವುದಿಲ್ಲ.

ಪ್ರಶ್ನೆ: ಬೆರಳಚ್ಚು ಕದ್ದು ಬ್ಯಾಂಕಿನಿಂದ ಹಣ ತೆಗೆಯುತ್ತಾರೆಂದು ಅಪ್ಪನ ಬಯೋಮೆಟ್ರಿಕ್ ಲಾಕ್ ಮಾಡಿದ್ದೇನೆ. ರೇಷನ್‌ಗೆ ತೊಂದರೆಯೇ?
– ಓದುಗರು, ಮಂಗಳೂರು

ಉತ್ತರ: ಲಾಕ್ ಮಾಡಿದ್ದು ಸರಿ. ಅಂಗಡಿಯಲ್ಲಿ ಮಾತ್ರ 330 ಎಂಬ ಕೋಡ್ ಬರುತ್ತದೆ. ಎಂ-ಆಧಾರ್ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆರೆದರೆ ಹತ್ತು ನಿಮಿಷ ಸಿಗುತ್ತದೆ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಮನೆಯಲ್ಲೇ ತೆರೆದು ಹೊರಟರೆ ಸರದಿ ಬರುವಷ್ಟರಲ್ಲಿ ವೇಳೆ ಮುಗಿದಿರುತ್ತದೆ. ಮುಂದೆ ಒಬ್ಬಿಬ್ಬರಷ್ಟೇ ಇದ್ದಾಗ ತೆರೆಯಿರಿ. ಕಾರ್ಡಿನಲ್ಲಿರುವ ಬೇರೊಬ್ಬರು ತಂಬ್ ಕೊಟ್ಟರೂ ನಡೆಯುತ್ತದೆ.