ಹಳೆಯ ಪಿಕಪ್‌ನ ಸ್ಪ್ರಿಂಗ್‌ಗೆ ಹೆಚ್ಚುವರಿ ಪ್ಲೇಟ್ ಹಾಕಿಸಬಹುದೇ?

ಪ್ರಶ್ನೆ: ಕುಟುಂಬದ ಜಮೀನಿನಲ್ಲಿ ಗೊಬ್ಬರ, ಮೇವು ಮತ್ತು ನೀರು ಸಾಗಿಸಲು ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಂಡಿದ್ದೇವೆ. ಎಂಜಿನ್ ಗಟ್ಟಿಯಾಗಿದೆ, ಹಿಂದಿನ ಸ್ಪ್ರಿಂಗ್‌ಗೆ ಇನ್ನೆರಡು ಪ್ಲೇಟ್ ಸೇರಿಸಿದರೆ 1,000 ಲೀಟರ್ ನೀರಿನ ಟ್ಯಾಂಕನ್ನು ಹೊರುತ್ತದೆ ಎಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ? ಕೆಲಸಕ್ಕೆ ಹಚ್ಚುವ ಮೊದಲು ಇನ್ನೇನನ್ನು ನೋಡಬೇಕು?

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ. ಪ್ಲೇಟ್ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದು ಕಡಿಮೆಯಾಗುತ್ತದೆಯೇ ಹೊರತು ಆಕ್ಸಲ್ (ಚಕ್ರಗಳನ್ನು ಹೊರುವ ಅಡ್ಡ ಅಚ್ಚು), ಬೇರಿಂಗ್, ಟೈರ್, ಬ್ರೇಕ್ ಮತ್ತು ಚಾಸಿಯ (ಗಾಡಿಯ ತಳದ ಉಕ್ಕಿನ ಚೌಕಟ್ಟು) ಸಾಮರ್ಥ್ಯ ಸ್ವಲ್ಪವೂ ಹೆಚ್ಚುವುದಿಲ್ಲ. ಭಾರ ಮಿತಿಮೀರಿದೆ ಎಂದು ಎಚ್ಚರಿಸುವ ಕುಸಿತವೇ ಕಣ್ಣಿಗೆ ಬೀಳದಂತಾಗುತ್ತದೆ. ಅನೇಕ ಪಿಕಪ್‌ಗಳಲ್ಲಿ, ಹಿಂಭಾಗ ಎಷ್ಟು ತಗ್ಗಿದೆ ಎಂಬುದನ್ನು ಅನುಸರಿಸಿ ಹಿಂದಿನ ಚಕ್ರಗಳ ಬ್ರೇಕ್ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಸ್ಪ್ರಿಂಗ್ ಬಿಗಿಯಾಗಿ ಗಾಡಿ ತಗ್ಗದೇ ಹೋದರೆ ಈ ವಾಲ್ವ್ ಭಾರವಿಲ್ಲದಾಗಿನಂತೆಯೇ ವರ್ತಿಸುವುದರಿಂದ, ಬ್ರೇಕ್ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅದು ಸಾಲದಾಗುತ್ತದೆ. ಬಳಲಿದ ಅಥವಾ ಬಿರುಕುಬಿಟ್ಟ ಪ್ಲೇಟ್ ಇದ್ದರೆ ಮೂಲ ಅಳತೆಯದನ್ನೇ ಬದಲಾಯಿಸಿ, ಅಷ್ಟು ಸಾಕು.

ನೀರು ಲೀಟರಿಗೆ ಒಂದು ಕಿಲೊ ತೂಗುತ್ತದೆ. ತಯಾರಕರು ನಮೂದಿಸಿದ ಗರಿಷ್ಠ ಒಟ್ಟು ತೂಕ 2,600 ಕಿಲೊ, ಖಾಲಿ ಗಾಡಿಯ ತೂಕ 1,700 ಕಿಲೊ ಎಂದಿಟ್ಟುಕೊಂಡರೆ ಉಳಿಯುವುದು 900 ಕಿಲೊ. ಅದರಲ್ಲಿ ಕೂರುವವರ, ಸಲಕರಣೆಗಳ ಮತ್ತು ಖಾಲಿ ಟ್ಯಾಂಕಿನ ತೂಕವನ್ನು ಕಳೆದ ಮೇಲೆ ನೀರಿಗೆ ಸುಮಾರು 700 ಕಿಲೊ ಮಾತ್ರ ದಕ್ಕೀತು. ಆಗಲೂ ದೊಡ್ಡ ಟ್ಯಾಂಕನ್ನು ಅರ್ಧಂಬರ್ಧ ತುಂಬುವುದಕ್ಕಿಂತ ಚಿಕ್ಕ ಟ್ಯಾಂಕನ್ನು ಪೂರ್ತಿ ತುಂಬುವುದೇ ಸರಿ, ಏಕೆಂದರೆ ಒಳಗೆ ತುಳುಕಾಡುವ ನೀರು ಬ್ರೇಕ್ ಹಾಕಿದಾಗ ಮುಂದಕ್ಕೂ ತಿರುವಿನಲ್ಲಿ ಪಕ್ಕಕ್ಕೂ ಗಾಡಿಯನ್ನು ತಳ್ಳುತ್ತದೆ. ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತ ತುಸು ಮುಂದೆ ಇರಲಿ. ಭಾರ ಆಕ್ಸಲ್‌ನ ಹಿಂದಕ್ಕೆ ಸರಿದಷ್ಟೂ ಮುಂದಿನ ಚಕ್ರಗಳು ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

ಎಂಜಿನ್ ಚೆನ್ನಾಗಿರುವುದು ಸಂತೋಷ, ಆದರೆ ಜಮೀನಿನ ಗಾಡಿಯಲ್ಲಿ ನಾನು ಮೊದಲು ನೋಡುವುದು ಚಾಸಿಯನ್ನು. ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ಒಳಗಿನಿಂದ ತುಕ್ಕು ತಿಂದ ಚಾಸಿಯನ್ನು ನಂಬುವಂತಿಲ್ಲ. ಸ್ಪ್ರಿಂಗ್ ಕೂರುವ ಜಾಗಗಳಲ್ಲಿ, ಬೆಸುಗೆಯ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟಿನೋಡಿ. ಸದ್ದು ಮಂದವಾಗಿದ್ದು ಪದರ ಪದರವಾಗಿ ತುಕ್ಕು ಉದುರಿದರೆ ಕೆಲಸಕ್ಕೆ ಹಚ್ಚುವ ಮೊದಲೇ ದುರಸ್ತಿ ಮಾಡಿಸಿ. ಗೊಬ್ಬರದ ಲವಣಾಂಶ ಕಬ್ಬಿಣವನ್ನು ಬೇಗ ತಿನ್ನುವುದರಿಂದ, ಸಾಗಿಸಿದ ದಿನವೇ ಗಾಡಿಯ ತಳವನ್ನೂ ತೊಳೆದು, ಚಾಸಿಯಲ್ಲಿ ನೀರು ಇಳಿಯಲೆಂದು ಬಿಟ್ಟಿರುವ ರಂಧ್ರಗಳಿಂದ ಮಣ್ಣು ತೆಗೆಯಬೇಕು.

ಬ್ರೇಕ್ ಆಯಿಲ್ ತೇವಾಂಶ ಹೀರಿಕೊಳ್ಳುತ್ತದೆ. ಹಿಂದಿನವರು ಯಾವಾಗ ಬದಲಿಸಿದ್ದರೆಂದು ತಿಳಿಯದಿದ್ದರೆ ಈಗಲೇ ಹೊಸದನ್ನು ಹಾಕಿಸಿ. ಟೈರಿನ ಬದಿಯ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ: 2314 ಎಂದಿದ್ದರೆ ಅದು 2014ರ 23ನೇ ವಾರದಲ್ಲಿ ತಯಾರಾದುದು, ನೆಲಕ್ಕೆ ತಾಗುವ ರಬ್ಬರ್ ಗುಂಡಿಗಳು ಸವೆಯದೆ ಉಳಿದಿದ್ದರೂ ಭಾರ ಹೊರುವ ವಯಸ್ಸು ಮೀರಿದೆ. ಒಣಮೇವಿನ ಕೆಲಸ ಮುಗಿದಾಗಲೆಲ್ಲ ಸೈಲೆನ್ಸರ್ ತಣ್ಣಗಾದ ಮೇಲೆ ಅದರ ಸುತ್ತ ಸಿಕ್ಕಿಕೊಂಡ ಹುಲ್ಲನ್ನು ಬಿಡಿಸಿ ತೆಗೆಯಿರಿ, ಬಿಸಿ ಕೊಳವೆಗೆ ತಾಗಿ ಬೆಂಕಿ ಹೊತ್ತಿಕೊಳ್ಳುವುದುಂಟು.